ಮೂಗಿನ ರಕ್ತಕ್ಕೆ ಟ್ರಾನೆಕ್ಸಾಮಿಕ್ ಮಾತ್ರೆಯೋ, ಡೆಸ್ಮೊಪ್ರೆಸಿನ್ನೋ?

ಬೇಸಿಗೆಯಲ್ಲಿ ಕಲಬುರಗಿಯ ಬಿಸಿಲು 40 ಡಿಗ್ರಿ ದಾಟುತ್ತದೆ. ಒಣಗಾಳಿಗೆ ಮೂಗಿನ ಒಳಗೆಲ್ಲ ಬಿರಿದು ರಕ್ತ ಬರುತ್ತದೆ. ಹುಟ್ಟಿನಿಂದಲೇ ವಾನ್ ವಿಲ್ಲೆಬ್ರಾಂಡ್ ಕಾಯಿಲೆ (ರಕ್ತ ಹೆಪ್ಪುಗಟ್ಟಲು ಬೇಕಾದ ಅದೇ ಹೆಸರಿನ ಪ್ರೋಟೀನ್ ಕಡಿಮೆ ಇರುವುದು ಅಥವಾ ಸರಿಯಾಗಿ ಕೆಲಸ ಮಾಡದಿರುವುದು) ಇರುವವರಿಗೆ ಆ ರಕ್ತ ಬೇಗ ನಿಲ್ಲುವುದಿಲ್ಲ. ಔಷಧಿ ಯಾವುದೇ ಇರಲಿ, ಮೊದಲು ಮುಂದಕ್ಕೆ ಬಾಗಿ ಮೂಗಿನ ಮೆತ್ತನೆಯ ಭಾಗವನ್ನು 10–15 ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ತಲೆ ಹಿಂದಕ್ಕೆ ಬೇಡವೇ ಬೇಡ, ರಕ್ತ ಗಂಟಲಿಗಿಳಿಯುತ್ತದೆ.

ಟ್ರಾನೆಕ್ಸಾಮಿಕ್ ಆಸಿಡ್ ಹೆಪ್ಪುಗಟ್ಟಿದ ರಕ್ತ ಮತ್ತೆ ಕರಗದಂತೆ ತಡೆಯುತ್ತದೆ. ಮನೆಯಲ್ಲೇ ನುಂಗಬಹುದು. ಸ್ವಲ್ಪ ಹೊಟ್ಟೆ ತೊಳಸಬಹುದು. ಮೂತ್ರದಲ್ಲಿ ರಕ್ತ ಹೋಗುತ್ತಿದ್ದರೆ ವೈದ್ಯರನ್ನು ಕೇಳದೆ ತೆಗೆದುಕೊಳ್ಳಬೇಡಿ.

ಡೆಸ್ಮೊಪ್ರೆಸಿನ್ ಕೆಲಸವೇ ಬೇರೆ. ದೇಹ ಕೂಡಿಟ್ಟ ವಾನ್ ವಿಲ್ಲೆಬ್ರಾಂಡ್ ಪ್ರೋಟೀನನ್ನು ಅದು ರಕ್ತಕ್ಕೆ ಬಿಡಿಸುತ್ತದೆ. ಆ ಪ್ರೋಟೀನ್ ಕಡಿಮೆ ಇರುವ ಟೈಪ್ 1ರ ಹೆಚ್ಚಿನವರಿಗೆ ಚೆನ್ನಾಗಿ ಹಿಡಿಯುತ್ತದೆ, ಅದು ಬಹುತೇಕ ಇಲ್ಲವೇ ಇಲ್ಲದ ಟೈಪ್ 3ಕ್ಕೆ ಉಪಯೋಗವಿಲ್ಲ. ಹಾಗಾಗಿ ಮೊದಲೇ ಒಂದು ಡೋಸ್ ಕೊಟ್ಟು ರಕ್ತ ಪರೀಕ್ಷೆ ಮಾಡುತ್ತಾರೆ. ಹಾಸಿಗೆ ಒದ್ದೆ ಮಾಡುವ ಮಕ್ಕಳಿಗೆ ಹಿಂದೆ ಕೊಡುತ್ತಿದ್ದ ಡೆಸ್ಮೊಪ್ರೆಸಿನ್ ಮೂಗಿನ ಸ್ಪ್ರೇ ತುಂಬಾ ಕಡಿಮೆ ಶಕ್ತಿಯದು, ಅದನ್ನೇ ತಂದು ಹಾಕಬೇಡಿ.

ನನಗೆ ದೊಡ್ಡ ಚಿಂತೆ ನೀರಿನದು. ಡೆಸ್ಮೊಪ್ರೆಸಿನ್ ದೇಹದಲ್ಲಿ ನೀರು ಹಿಡಿದಿಡುತ್ತದೆ. ಮುಂದಿನ 24 ಗಂಟೆ ಜಾಸ್ತಿ ನೀರು ಕುಡಿದರೆ ರಕ್ತದಲ್ಲಿ ಸೋಡಿಯಂ (ಉಪ್ಪಿನಂಶ) ಇಳಿದು ಫಿಟ್ಸ್ ಬರಬಹುದು. ನಮ್ಮ ಬಿಸಿಲಲ್ಲಿ ಹೊಲಕ್ಕೋ ಕಟ್ಟಡ ಕೆಲಸಕ್ಕೋ ಹೋಗುವವರು ನೀರು ಕಡಿಮೆ ಮಾಡುವುದು ಹೇಗೆ ಹೇಳಿ? ಅಂಥವರು ಮಾತ್ರೆಯಿಂದಲೇ ಶುರು ಮಾಡಬಹುದೇ ಎಂದು ವೈದ್ಯರನ್ನು ಕೇಳುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಅರ್ಧ ಗಂಟೆಯಾದರೂ ರಕ್ತ ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಿ, ಕಾಯಿಲೆಯ ಹೆಸರನ್ನು ಮೊದಲೇ ಹೇಳಿ. ಮೂಗಿಗೆ ಏನಾದರೂ ತುರುಕಬೇಕಾದರೆ ತಾನಾಗೇ ಕರಗುವಂಥದ್ದು ಇದೆಯೇ ಎಂದು ಕೇಳಿ. ಒಣ ಬಟ್ಟೆ ಕೀಳುವಾಗ ಮತ್ತೆ ರಕ್ತ ಬರುತ್ತದೆ.