ಥಂಡರ್‌ಬರ್ಡ್ ಆಫ್‌ಲೈನ್: ತಲೆಬರಹ ಬರುತ್ತೆ, ಮೇಲ್ ಬರುತ್ತಾ?

ಮೇಲ್ ಕಾಣುತ್ತದೆ, ತೆರೆಯುವುದಿಲ್ಲ. ಕಳಿಸಿದವರ ಹೆಸರಿದೆ, ವಿಷಯವಿದೆ, ತಾರೀಖಿದೆ. ಕ್ಲಿಕ್ ಮಾಡಿದರೆ ಇಂಗ್ಲಿಷಿನಲ್ಲಿ ಒಂದು ಸೂಚನೆ ಬರುತ್ತದೆ: ಈ ಮೇಲ್ ಒಳಗಿನದು ಆಫ್‌ಲೈನ್ ಓದೋಕೆ ಇಳಿಸಿಕೊಂಡಿಲ್ಲ, ನೋಡಬೇಕಾದರೆ ಆನ್‌ಲೈನ್ ಬನ್ನಿ ಅಂತ. ಆನ್‌ಲೈನ್ ಬರುವ ಹಾಗಿದ್ದರೆ ಇದನ್ನೆಲ್ಲ ಯಾಕೆ ಮೈಮೇಲೆ ಹಾಕಿಕೊಳ್ಳುತ್ತಿದ್ದೆವು, ಅಲ್ವಾ?

ಥಂಡರ್‌ಬರ್ಡ್ ಅನ್ನೋ ಈ ಮೇಲ್ ಪ್ರೋಗ್ರಾಂ ನನ್ನ ಲ್ಯಾಪ್‌ಟಾಪಿನಲ್ಲಿ ವರ್ಷಗಳಿಂದ ಇದೆ. 2023ರಲ್ಲಿ ಸೂಪರ್‌ನೋವಾ ಅನ್ನೋ ಆವೃತ್ತಿ ಬಂದು ಮುಖ ಬದಲಾಗುವ ಮೊದಲಿನಿಂದಲೂ ಬಳಸುತ್ತಿದ್ದೇನೆ. ಹೊಸ ರೂಪದ ಬಗ್ಗೆ ಎಲ್ಲರೂ ಬರೆದಾಗಿದೆ, ಇಲ್ಲಿ ಬೇಡ. ನನಗೆ ಬೇಕಾದ್ದು ಒಂದೇ, ನೆಟ್ ಇಲ್ಲದಾಗ ಮೇಲ್ ಸಿಗುತ್ತಾ ಇಲ್ವಾ.

ಕಲಬುರಗಿಯ ಕಪನೂರಿನ ಕಡೆ ಒಂದು ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುತ್ತೇನೆ. ಕರೆಂಟ್ ಹೋದರೂ ಇನ್‌ವರ್ಟರ್ ಮೇಲೆ ನಮ್ಮ ರೌಟರ್ ಮಿಣುಕುತ್ತಲೇ ಇರುತ್ತದೆ. ಆದರೆ ಹೊರಗೆ ಕಂಬದ ಮೇಲಿನ ನೆಟ್ ಡಬ್ಬಿಗೆ ಕರೆಂಟ್ ಇರಲ್ಲ. ತಗಡಿನ ಶೆಡ್ ಒಳಗೆ ಮೊಬೈಲಿಗೆ ಒಂದು ಕಡ್ಡಿ ನೆಟ್‌ವರ್ಕ್ ಬಂದರೆ ಪುಣ್ಯ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಹೊಸ ತೊಗರಿ ಬರುವ ಹೊತ್ತು. ಸಾವ್ಕಾರ್ರು ಒಳಗೆ ಬಂದು, "ಆ ಹೈದರಾಬಾದ್ ಪಾರ್ಟಿ ಹೋದ್ ವರ್ಷ ಏನ್ ರೇಟ್ ಬರ್ದಿದ್ರು, ತೆಗೀರಿ ನೋಡೋಣ" ಅಂತಾರೆ. ನೆಟ್ ಇಲ್ಲರೀ ಅಂದರೆ ಅವರ ಕಿವಿಗೆ ಅದು ಬೀಳೋದೇ ಇಲ್ಲ.

ಬ್ರೌಸರಿನ ಜಿಮೇಲ್‌ನಲ್ಲೂ ಆಫ್‌ಲೈನ್ ಇದೆ, ಗೊತ್ತು. ಅಲ್ಲಿ 7, 30 ಇಲ್ಲಾ 90 ದಿನದ ಮೇಲ್ ಅಷ್ಟೇ. ಹೋದ ಸುಗ್ಗಿಯ ರೇಟ್ 90 ದಿನದೊಳಗೆ ಎಲ್ಲಿ ಸಿಗಬೇಕು? ಥಂಡರ್‌ಬರ್ಡ್ ಪುಕ್ಕಟೆ, ಬೇಕಂದರೆ ಪೂರ್ತಿ ಮೇಲ್ ಡಬ್ಬಿಯನ್ನೇ ಲ್ಯಾಪ್‌ಟಾಪಿಗೆ ತಂದಿಡುತ್ತದೆ. ಹಾಗಾಗಿ ಇದನ್ನೇ ಹಿಡಿದುಕೊಂಡೆ.

ಹಾಕಿದ ದಿನ ಎಲ್ಲಾ ಸರಿಯಾಗೇ ಕಾಣುತ್ತದೆ. ಅಕೌಂಟ್ ಸೆಟ್ಟಿಂಗ್ಸ್ ಒಳಗೆ 'ಸಿಂಕ್ರೊನೈಸೇಷನ್ ಆ್ಯಂಡ್ ಸ್ಟೋರೇಜ್' ಅಂತ ಒಂದು ಪುಟ. ಐಮ್ಯಾಪ್ (ಮೂಲ ಮೇಲ್ ಸರ್ವರಿನಲ್ಲೇ ಇರುವ ವ್ಯವಸ್ಥೆ) ಖಾತೆಯಾದರೆ ಮೇಲ್‌ಗಳನ್ನು ಈ ಕಂಪ್ಯೂಟರಿನಲ್ಲೇ ಇಟ್ಟುಕೋ ಅನ್ನುವ ಟಿಕ್ ಮೊದಲೇ ಬಿದ್ದಿರುತ್ತದೆ. ಅದನ್ನು ನೋಡಿ, ಆಯ್ತು ಬಿಡು ಅಂತ ಯಾರಾದರೂ ಪುಟ ಮುಚ್ಚುತ್ತಾರೆ. ತಕರಾರು ಶುರುವಾಗೋದು ಫೋಲ್ಡರ್‌ಗಳಲ್ಲಿ.

ನಮ್ಮ ಖಾತೆಯಲ್ಲಿ ಫಿಲ್ಟರ್ ಹಾಕಿದ್ದೇವೆ. ಬ್ಯಾಂಕಿನ ಮೇಲ್ 'ಬ್ಯಾಂಕ್' ಫೋಲ್ಡರಿಗೆ, ಲಾರಿಯವರದು 'ಲಾರಿ'ಗೆ, ಖರೀದಿದಾರರದು 'ಪಾರ್ಟಿ'ಗೆ ಸರ್ವರಿನಲ್ಲೇ ಬೇರೆಯಾಗಿ ಹೋಗುತ್ತವೆ. ಇನ್‌ಬಾಕ್ಸಿಗೆ ಬರುವುದೇ ಇಲ್ಲ. ಥಂಡರ್‌ಬರ್ಡ್ ಹೊಸ ಮೇಲ್ ಬಂತಾ ಅಂತ ತಾನಾಗಿ ನೋಡೋದು ಇನ್‌ಬಾಕ್ಸನ್ನು. ಉಳಿದವನ್ನೂ ನೋಡಬೇಕಂದರೆ ಒಂದೊಂದು ಫೋಲ್ಡರಿಗೂ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ಗೆ ಹೋಗಿ, ಹೊಸ ಮೇಲ್ ತರುವಾಗ ಈ ಫೋಲ್ಡರನ್ನೂ ನೋಡು ಅನ್ನೋದಕ್ಕೆ ಟಿಕ್ ಹಾಕಬೇಕು. ಪಕ್ಕದ ಸಿಂಕ್ರೊನೈಸೇಷನ್ ಟ್ಯಾಬಿನಲ್ಲಿ ಆಫ್‌ಲೈನ್ ಬಳಕೆಗೆ ಇನ್ನೊಂದು ಟಿಕ್. ಈ ಎರಡನೆಯದು ಅಕೌಂಟ್ ಸೆಟ್ಟಿಂಗ್ಸ್‌ನ 'ಅಡ್ವಾನ್ಸ್ಡ್' ಗುಂಡಿಯ ಹಿಂದೆಯೂ ಇದೆ, ಮೊದಲನೆಯದು ಅಲ್ಲಿಲ್ಲ. ಸರ್ಕಾರಿ ಕಚೇರಿಯಲ್ಲಿ ಒಂದು ಸಹಿಗೆ ಮೂರು ಟೇಬಲ್ ಸುತ್ತಿದ ಹಾಗೆ.

ಎಲ್ಲಾ ಟಿಕ್ ಹಾಕಿದರೂ ಮೇಲ್ ಪೂರ್ತಿ ಬಂದಿದೆ ಅಂತ ಖಾತ್ರಿ ಇಲ್ಲ. ಮೊದಲು ತಲೆಬರಹಗಳು, ಅಂದರೆ ಹೆಸರು, ವಿಷಯ, ತಾರೀಖು ಬಂದು ಕೂರುತ್ತವೆ. ಒಳಗಿನ ಮಾತು, ಪಿಡಿಎಫ್ ಎಲ್ಲ ಹಿಂದಿನಿಂದ ನಿಧಾನಕ್ಕೆ ಇಳಿಯುತ್ತವೆ. ಅಷ್ಟರಲ್ಲಿ ಲ್ಯಾಪ್‌ಟಾಪ್ ಮುಚ್ಚಿದಿರೋ, ಅರ್ಧಕ್ಕೇ ನಿಂತಿತು. ಸರಿ, ನಿಲ್ಲಲಿ. ಯಾವುದು ಪೂರ್ತಿ ಬಂತು, ಯಾವುದು ಬರೀ ತಲೆಬರಹ ಅಂತ ಪಟ್ಟಿಯಲ್ಲಿ ಒಂದು ಗುರುತಾದರೂ ಬೇಡವೇ? ಓದದ ಮೇಲಿಗೆ ಗುರುತಿದೆ, ಸ್ಟಾರ್‌ಗಿದೆ, ಅಟ್ಯಾಚ್‌ಮೆಂಟಿಗೆ ಪಿನ್ನಿನ ಚಿತ್ರ ಇದೆ. ಇದಕ್ಕೆ ಇಲ್ಲ. ಆಫ್‌ಲೈನ್ ಅನ್ನೋ ಸೌಲಭ್ಯ ಕೊಟ್ಟು, ಕೈಯಲ್ಲಿ ಏನಿದೆ ಅಂತ ಹೇಳದಿದ್ದರೆ ಸಿಟ್ಟು ಬರದೆ ಇನ್ನೇನು. ಅದೂ ಸಾವ್ಕಾರ್ರು ತಲೆ ಮೇಲೆ ನಿಂತಿರುವಾಗ.

ಜಾಗ ಉಳಿಸುವ ಆಯ್ಕೆಗಳೂ ಇವೆ. ಇಷ್ಟು ಕೆಬಿಗಿಂತ ದೊಡ್ಡ ಮೇಲ್ ಇಳಿಸಬೇಡ ಅನ್ನೋದು ಒಂದು, ಅದರ ಪಕ್ಕದಲ್ಲಿ 50 ಅಂತ ಬರೆದಿರುತ್ತದೆ. ಸ್ಕ್ಯಾನ್ ಮಾಡಿದ ತೂಕದ ಚೀಟಿ ಅದಕ್ಕಿಂತ ದೊಡ್ಡದೇ ಇರುತ್ತದೆ, ಹಾಗಾಗಿ ನನಗೆ ಉಪಯೋಗವಿಲ್ಲ. ದಿನದ ಮಿತಿ ಪರವಾಗಿಲ್ಲ. ಅಲ್ಲಿ 30 ದಿನ ಅಂತಿರುತ್ತದೆ, ತಿಂಗಳು, ವರ್ಷ ಅಂತಲೂ ಬದಲಾಯಿಸಬಹುದು. ನನ್ನದು ಹಳೆ ಲ್ಯಾಪ್‌ಟಾಪ್, ದೊಡ್ಡ ಎಸ್‌ಎಸ್‌ಡಿ ಡಿಸ್ಕಿಗೆ ಸದ್ಯಕ್ಕೆ ದುಡ್ಡಿಲ್ಲ. ಎರಡು ವರ್ಷ ಅಂತ ಇಟ್ಟಿದ್ದೇನೆ, ಎರಡು ಸುಗ್ಗಿ ಸಿಗುತ್ತವೆ, ಸಾಕು.

ಸಿಟ್ಟು ಇಳಿದದ್ದು ಸಂಜೆಯ ಒಂದು ರೂಢಿಯಿಂದ. ಮನೆಗೆ ಹೊರಡುವ ಮೊದಲು ಫೈಲ್ ಮೆನು (ಕಾಣದಿದ್ದರೆ ಆಲ್ಟ್ ಒತ್ತಿ), ಆಫ್‌ಲೈನ್, ಅದರೊಳಗೆ 'ಡೌನ್‌ಲೋಡ್/ಸಿಂಕ್ ನೌ'. ಪುಟ್ಟ ಕಿಟಕಿ ತೆರೆಯುತ್ತದೆ. ಮೇಲ್‌ಗಳಿಗೆ ಒಂದು ಟಿಕ್, ಕಳಿಸದೆ ಉಳಿದದ್ದನ್ನು ಕಳಿಸು ಅನ್ನೋದಕ್ಕೆ ಒಂದು, ಮುಗಿದ ಮೇಲೆ ಆಫ್‌ಲೈನ್ ಹೋಗು ಅನ್ನೋದಕ್ಕೆ ಇನ್ನೊಂದು. ಓಕೆ ಒತ್ತಿ ಗೇಟಿನ ಹತ್ತಿರ ಚಹಾಕ್ಕೆ ಹೋಗುತ್ತೇನೆ. ಜೊತೆಗೆ ಸುಸಲಾ, ಒಂದು ಮಿರ್ಚಿ. ಕೈ ತೊಳೆದು ಬರುವಷ್ಟರಲ್ಲಿ ಕೆಳಗಿನ ಪಟ್ಟಿಯಲ್ಲಿ ಓಡುತ್ತಿದ್ದ ಫೋಲ್ಡರ್ ಹೆಸರುಗಳು ನಿಂತಿರುತ್ತವೆ. ಎಡಮೂಲೆಯ ಸಣ್ಣ ಚಿಹ್ನೆ ಆಫ್‌ಲೈನಿಗೆ ತಿರುಗಿರುತ್ತದೆ. ಆ ಮೂರನೇ ಟಿಕ್ ಮುಖ್ಯ. ಈಗ 'ಪಾರ್ಟಿ'ಯಲ್ಲಿ ಒಂದು ಮೇಲ್, 'ಬ್ಯಾಂಕ್'ನಲ್ಲಿ ಒಂದು ತೆಗೆದು ನೋಡಿದರೆ ಪಿಡಿಎಫ್ ನಿಜವಾಗಿ ಡಿಸ್ಕಿನಲ್ಲಿದೆಯೋ ಇಲ್ಲವೋ ತಿಳಿಯುತ್ತದೆ. ಆನ್‌ಲೈನ್ ಇದ್ದಾಗ ನೋಡಿದರೆ ಸುಮ್ನೆ ಸರ್ವರಿನಿಂದ ತಂದು ತೋರಿಸಿಬಿಡುತ್ತದೆ, ನಮಗೆ ಗೊತ್ತೇ ಆಗಲ್ಲ.

ಇಷ್ಟು ಮಾಡಿಕೊಂಡ ಮೇಲೆ ಹುಡುಕಾಟ ಮಾತ್ರ ಸೊಗಸು, ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಕಂಟ್ರೋಲ್, ಶಿಫ್ಟ್, ಕೆ ಒತ್ತಿ, 'ಬಾಡಿ' ಅನ್ನೋದನ್ನು ಆರಿಸಿ ಪಾರ್ಟಿ ಹೆಸರೋ ಲಾರಿ ನಂಬರೋ ಹಾಕಿದರೆ ಮೇಲ್ ಒಳಗೂ ಹುಡುಕುತ್ತದೆ. ಎಲ್ಲಾ ಡಿಸ್ಕಿನಲ್ಲೇ ಇರುವುದರಿಂದ ಕಾಯುವ ಮಾತೇ ಇಲ್ಲ. ಈಗ ನೆಟ್ ಇದ್ದಾಗಲೂ ಇಲ್ಲೇ ಹುಡುಕುತ್ತೇನೆ.

ಅಕ್ಕನ ಮನೆ ಬೀದರಿನಲ್ಲಿ. 2017ರಲ್ಲಿ ಶುರುವಾದ ರೈಲು ಮಾರ್ಗದಲ್ಲೇ ಹೋಗುತ್ತೇನೆ. ಕಮಲಾಪುರ ದಾಟಿ ಮರಗುತ್ತಿ ಸುರಂಗದ ಕಡೆ ಹೋದರೆ ಫೋನಿನ ಸಿಗ್ನಲ್ ಬಂದ ಹಾಗೆ, ಹೋದ ಹಾಗೆ. ಕೂತಲ್ಲೇ ಉತ್ತರ ಬರೆದಿಟ್ಟರೆ ಔಟ್‌ಬಾಕ್ಸಿನಲ್ಲಿ ಇರುತ್ತದೆ. ಹುಮನಾಬಾದಿನಲ್ಲಿ ಹಾಟ್‌ಸ್ಪಾಟ್ ಹಾಕಿ ಆನ್‌ಲೈನ್ ಆದರೆ, ಉಳಿದದ್ದನ್ನು ಈಗ ಕಳಿಸಲಾ ಅಂತ ಅದೇ ಕೇಳುತ್ತದೆ. ಆದರೆ ಮೊದಲ ದೊಡ್ಡ ಡೌನ್‌ಲೋಡನ್ನು ಹಾಟ್‌ಸ್ಪಾಟಿನಲ್ಲಿ ಮಾಡಬೇಡಿ, ದಿನದ ಡೇಟಾ ಒಂದೇ ಏಟಿಗೆ ಖಾಲಿ. ಗೂಗಲ್ ವರ್ಕ್‌ಸ್ಪೇಸ್ (ಕಂಪನಿಗಳ ಜಿಮೇಲ್) ಖಾತೆಯಾದರೆ ಐಮ್ಯಾಪ್‌ನಲ್ಲಿ ದಿನಕ್ಕೆ 2,500 ಎಂಬಿ ಅನ್ನೋ ಮಿತಿಯೂ ಇದೆ. ದೊಡ್ಡ ಡಬ್ಬಿ ಒಂದೇ ದಿನಕ್ಕೆ ಇಳಿಯಲ್ಲ, ಗಾಬರಿ ಬೇಡ.

ಇನ್ನೊಂದು ಮಾತು. ಅದೇ ಸಿಂಕ್ರೊನೈಸೇಷನ್ ಪುಟದ ಕೆಳಗೆ 'ಡಿಸ್ಕ್ ಸ್ಪೇಸ್' ಅಂತ ಒಂದು ಭಾಗ ಇದೆ. ಇಷ್ಟು ದಿನಕ್ಕಿಂತ ಹಳೆಯದನ್ನು ಅಳಿಸು ಅನ್ನುವ ಆಯ್ಕೆ ಅಲ್ಲಿದೆ. ಮೇಲೆ ಹೇಳಿದ ದಿನದ ಮಿತಿ ಲ್ಯಾಪ್‌ಟಾಪಿಗೆ ಮಾತ್ರ. ಇದು ಸರ್ವರಿನಲ್ಲಿರುವ ಮೂಲ ಮೇಲನ್ನೂ ಅಳಿಸುತ್ತದೆ, ವಾಪಸ್ ಬರಲ್ಲ. ಎರಡೂ ನೋಡೋಕೆ ಒಂದೇ ತರ. ನಮ್ಮ ಆಫೀಸಿನ ಹುಡುಗನ ಲ್ಯಾಪ್‌ಟಾಪಿಗೆ ಹಾಕಿಕೊಡುವಾಗ "ಅಣ್ಣ, ಜಾಗ ಕಮ್ಮಿ ಅದ, ಇದನ್ನ ಒತ್ಲೇನು?" ಅಂತ ಮೌಸ್ ಅಲ್ಲಿಗೇ ಒಯ್ದಿದ್ದ. ಬೇಡಪ್ಪಾ ಅಂದೆ. ಅಳಿಸಿದ ಮೇಲ್‌ಗಳು ಫೋಲ್ಡರಿನ ಫೈಲ್ ಒಳಗೆ ಹಾಗೇ ಕೂತಿರುತ್ತವೆ, 'ಕಾಂಪ್ಯಾಕ್ಟ್ ಫೋಲ್ಡರ್ಸ್' ಮಾಡಿದ ಮೇಲೇ ಹೋಗೋದು. ಅದನ್ನು ಮಾಡಿಕೊಟ್ಟೆ. ಅವನ ಡಿಸ್ಕಿಗೆ ಅಷ್ಟೇ ಸಾಕಾಯಿತು.