ಹಲಗೆ ಆರಿಸಲು ಎಐ ಸ್ಕ್ಯಾನರೋ, ಪಳಗಿದ ಕಣ್ಣೋ?

ಅಮೆರಿಕದ ಓಕ್, ಮೇಪಲ್ ಮಿಲ್ಲುಗಳಲ್ಲಿ ಹಲಗೆಗೆ ದರ್ಜೆ ಕೊಡುವುದು ಪಕ್ಕಾ ಲೆಕ್ಕದ ಕೆಲಸ. ಮೇಲ್ದರ್ಜೆಯ ಎಫ್‌ಎಎಸ್ (ಫರ್ಸ್ಟ್ಸ್ ಅಂಡ್ ಸೆಕೆಂಡ್ಸ್) ಹಲಗೆ ಸಾಮಾನ್ಯವಾಗಿ 6 ಇಂಚು ಅಗಲ, 8 ಅಡಿ ಉದ್ದವಾದರೂ ಇರಬೇಕು. ಅದರಲ್ಲಿ ಸುಮಾರು 83% ದೋಷವಿಲ್ಲದ ತುಂಡುಗಳಾಗಿ ಸಿಗಬೇಕು. ಇಂಥ ಅಳತೆಯಲ್ಲಿ, ಕ್ಯಾಮೆರಾದಿಂದ ಹಲಗೆ ನೋಡಿ ದರ್ಜೆ ಹೇಳುವ ಎಐ ಸ್ಕ್ಯಾನರೇ ಮುಂದು. ಸಂಜೆಯಾದರೂ ಅದರ ಕಣ್ಣು ಸೋಲುವುದಿಲ್ಲ.

ಆದರೆ ಕ್ಯಾಮೆರಾಕ್ಕೆ ಕಾಣುವುದು ಮೇಲ್ಮೈ ಮಾತ್ರ. ಒಳಗಿನ ಗಂಟು ಕಾಣಬೇಕಾದರೆ ಎಕ್ಸ್‌-ರೇ ಬೇಕು, ಖರ್ಚು ಜಾಸ್ತಿ. ಮೇಲೆ ಅಂಟಿದ ಮಣ್ಣು, ಗರಗಸದ ಗುರುತನ್ನೂ ಕ್ಯಾಮೆರಾ ದೋಷವೆಂದು ಎಣಿಸೀತು. ಕಣ್ಣಳತೆಯಲ್ಲೇ ದರ್ಜೆ ಕೊಡುವ ಅನುಭವಿ ಗ್ರೇಡರ್ ಆದರೆ ಹಲಗೆ ಮಗುಚಿ, ಕೆರೆದು ನೋಡುತ್ತಾನೆ. ಓಕ್ ನೋಡಿ ಕಲಿತ ಯಂತ್ರಕ್ಕೆ ನಮ್ಮ ತೇಗ ಕೊಟ್ಟರೆ ಮತ್ತೆ ಕಲಿಸಬೇಕು, ಅಲ್ವಾ?

ದಿನವಿಡೀ ಒಂದೇ ಜಾತಿಯ ಮರ ಕೊಯ್ಯುವ ದೊಡ್ಡ ಮಿಲ್ಲಿಗೆ ಸ್ಕ್ಯಾನರ್ ಸರಿ. ದಿನಕ್ಕೊಂದು ಜಾತಿ ಬರುವ ಸಣ್ಣ ಮಿಲ್ಲಾದರೆ ನಾನಂತೂ ಗ್ರೇಡರನ್ನೇ ಉಳಿಸಿಕೊಳ್ಳುತ್ತೇನೆ.