ಎಸ್‌ಎಸ್‌ಪಿ ಸ್ಕಾಲರ್‌ಶಿಪ್: ದುಡ್ಡು ಬರುತ್ತೆ, ಆದರೆ ಬೇಕಾದಾಗ ಬರಲ್ಲ

ನಮ್ಮ ಊರಿನ ಮಕ್ಕಳು ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವಾಗ ಪ್ರತಿ ವರ್ಷ ಪಕ್ಕದಲ್ಲಿ ಕೂತು ಸಹಾಯ ಮಾಡುತ್ತೇನೆ. ಆ ಅರ್ಜಿ ಹಾಕುವ ರಾಜ್ಯ ಸರ್ಕಾರದ ವೆಬ್‌ಸೈಟ್ ಎಸ್‌ಎಸ್‌ಪಿಗೆ (ಸ್ಟೇಟ್ ಸ್ಕಾಲರ್‌ಶಿಪ್ ಪೋರ್ಟಲ್) ನಾನು ಕೊಡುವುದು ಐದಕ್ಕೆ ಮೂರೂವರೆ ಸ್ಟಾರ್.

ಮೊದಲು ಹಿಡಿಸಿದ್ದನ್ನು ಹೇಳುತ್ತೇನೆ. ಸಮಾಜ ಕಲ್ಯಾಣ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತ ಇಲಾಖೆ ಅಂತ ಬೇರೆ ಬೇರೆ ಕಡೆ ಅರ್ಜಿ ಹಿಡಿದು ಅಲೆಯಬೇಕಿಲ್ಲ, ಎಲ್ಲಾ ಒಂದೇ ಜಾಗದಲ್ಲಿದೆ. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ನಂಬರ್ ಹಾಕಿದರೆ ವಿವರ ತಾನಾಗಿ ಬರುತ್ತದೆ. ಕನ್ನಡದಲ್ಲೂ ಇದೆ. ಪಿಯುಸಿ, ಡಿಗ್ರಿ, ಇಂಜಿನಿಯರಿಂಗ್ ಅಷ್ಟೇ ಅಲ್ಲ, ಐಟಿಐ ಮತ್ತು ಡಿಪ್ಲೊಮಾ ಓದುವವರೂ ಹಾಕಬಹುದು. ಇದು ಎಷ್ಟೋ ಮನೆಗಳಿಗೆ ಗೊತ್ತೇ ಇಲ್ಲ. ಫಿಟ್ಟರ್, ಎಲೆಕ್ಟ್ರಿಷಿಯನ್ ಕಲಿಯೋಕೆ ಹೋದವನಿಗೆ ಸ್ಕಾಲರ್‌ಶಿಪ್ ಎಲ್ಲಿ ಸಿಗುತ್ತೆ ಅಂತ ಅಪ್ಪ ಅಮ್ಮ ಸುಮ್ನೆ ಇದ್ದುಬಿಡುತ್ತಾರೆ. ಸರ್ಕಾರ 150 ಸರ್ಕಾರಿ ಐಟಿಐಗಳಿಗೆ ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಹೊಸ ಯಂತ್ರ ಹಾಕಿಸಿದೆ, ಒಳ್ಳೆಯದೇ. ಆದರೆ ಆ ಯಂತ್ರದ ಮುಂದೆ ನಿಲ್ಲಬೇಕಾದ ಹುಡುಗ ಬಸ್ಸಿಗೆ ದುಡ್ಡಿಲ್ಲದೆ ಗಾರೆ ಕೆಲಸಕ್ಕೆ ಹೋದರೆ ಏನು ಬಂತು?

ವಿದ್ಯಾಸಿರಿಯನ್ನೂ ಹೇಳಲೇಬೇಕು. ಹಾಸ್ಟೆಲ್ ಸೀಟು ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ಊಟ, ವಸತಿಗೆ ಅಂತ ವರ್ಷಕ್ಕೆ 10 ತಿಂಗಳು ದುಡ್ಡು ಕೊಡುತ್ತಾರೆ. 2025ರಲ್ಲಿ ಅದು ತಿಂಗಳಿಗೆ 1,500 ರೂಪಾಯಿ, ಅಂದರೆ ವರ್ಷಕ್ಕೆ 15,000 ಇತ್ತು. ಧಾರವಾಡದಲ್ಲೋ ಕಲಬುರಗಿಯಲ್ಲೋ ನಾಲ್ಕು ಜನ ಸೇರಿ ರೂಮು ಮಾಡಿಕೊಂಡು, ಅಡುಗೆ ತಾವೇ ಮಾಡಿಕೊಂಡು ಓದುವ ಹುಡುಗರಿಗೆ ಇದು ದೊಡ್ಡ ದುಡ್ಡು, ಇದೊಂದರ ಮೇಲೆ ಡಿಗ್ರಿ ಮುಗಿಸಿದವರನ್ನು ನಾನು ನೋಡಿದ್ದೇನೆ.

ಇನ್ನು ತೊಂದರೆ. ಅರ್ಜಿ ತುಂಬುವುದು ಕಷ್ಟ ಅಲ್ಲ, ತುಂಬುವ ಮುಂಚೆ ಆಗಬೇಕಾದ ಕೆಲಸಗಳೇ ಕಷ್ಟ. ಆಧಾರ್‌ನಲ್ಲಿ ಒಂದು ಹೆಸರು, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನ್ನೊಂದು, ಆದಾಯ ಪ್ರಮಾಣಪತ್ರದಲ್ಲಿ ಇನಿಷಿಯಲ್ ಹಿಂದೆ ಮುಂದೆ. ಅದನ್ನು ಸರಿ ಮಾಡಿಸೋಕೆ ನಾಡಕಚೇರಿಗೆ, ಆಧಾರ್ ಕೇಂದ್ರಕ್ಕೆ ಓಡಾಡಬೇಕು. ಪ್ರತಿ ಓಡಾಟಕ್ಕೂ ಅಪ್ಪನ ಒಂದು ದಿನದ ಕೂಲಿ ಹೋಗುತ್ತದೆ. ಮನೆಯಲ್ಲಿ ಓದಿದವರು ಒಬ್ಬರಿದ್ದರೆ ಇದೆಲ್ಲ ಫೋನಿನಲ್ಲೇ ವಿಚಾರಿಸಿ ಮುಗಿಸುತ್ತಾರೆ, ಯಾರೂ ಇಲ್ಲದ ಮನೆಯ ಮಗು ಎಲ್ಲಿ ಕೇಳಬೇಕು ಅಂತಲೇ ತಿಳಿಯದೆ ನಿಂತುಬಿಡುತ್ತದೆ. ಯೋಜನೆ ಇರೋದೇ ಆ ಮಗುವಿಗೋಸ್ಕರ, ಅಲ್ವಾ?

ಎಲ್ಲಕ್ಕಿಂತ ಜಾಸ್ತಿ ಎಡವಟ್ಟಾಗುವುದು ಬ್ಯಾಂಕಿನಲ್ಲಿ. ಈ ದುಡ್ಡು ಪಾಸ್‌ಬುಕ್ ನಂಬರ್ ನೋಡಿ ಬರಲ್ಲ, ಎನ್‌ಪಿಸಿಐನಲ್ಲಿ (ಬ್ಯಾಂಕುಗಳ ನಡುವಿನ ಹಣ ಪಾವತಿ ನೋಡಿಕೊಳ್ಳುವ ಸಂಸ್ಥೆ) ಆಧಾರ್‌ಗೆ ಜೋಡಣೆಯಾದ ಖಾತೆಗೆ ಬರುತ್ತದೆ. ಬ್ಯಾಂಕಿಗೆ ಆಧಾರ್ ಜೆರಾಕ್ಸ್ ಕೊಟ್ಟಿದ್ದೇವೆ ಅಂದರೆ ಈ ಜೋಡಣೆ ಆಗಿದೆ ಅಂತ ಅರ್ಥ ಅಲ್ಲ. ನಮ್ಮ ಕಡೆಯ ಒಂದು ಹುಡುಗಿಯ ಸ್ಕಾಲರ್‌ಶಿಪ್ ಮಂಜೂರಾಗಿತ್ತು, ಖಾತೆಯಲ್ಲಿ ಮಾತ್ರ ಏನೂ ಇಲ್ಲ. ಅವಳು ಶಾಲೆಯಲ್ಲಿದ್ದಾಗ ಇನ್ನೊಂದು ಬ್ಯಾಂಕಿನಲ್ಲಿ ಮಾಡಿಸಿ ಮರೆತೇ ಹೋಗಿದ್ದ ಖಾತೆಗೆ ಅದು ಹೋಗಿ ಕೂತಿತ್ತು. ಆ ಶಾಖೆಯವರು ನಾಳೆ ಬಾ, ನಾಡಿದ್ದು ಬಾ ಅಂತ ಎಷ್ಟು ಓಡಾಡಿಸಿದರು ಅಂದರೆ ಅವಳು ಬೇಡವೇ ಬೇಡ ಅನ್ನುವ ಹಂತಕ್ಕೆ ಬಂದಿದ್ದಳು.

ಒಂದೂವರೆ ಸ್ಟಾರ್ ನಾನು ಕಡಿಮೆ ಮಾಡಿದ್ದು ಸಮಯಕ್ಕೆ. ಕಾಲೇಜಿನವರು ಫೀಸು ಕೇಳುವುದು ಅಡ್ಮಿಷನ್ ದಿನ. ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕುವುದೇ ಸೇರಿದ ಮೇಲೆ, ಆಮೇಲೆ ಕಾಲೇಜಿನ ಪರಿಶೀಲನೆ, ಇಲಾಖೆಯ ಪರಿಶೀಲನೆ, ಮಂಜೂರಾತಿ. ಅಷ್ಟರ ತನಕ ಸಾಲ ಕೊಡುವವರು ಊರಿನ ಬಡ್ಡಿ ವ್ಯಾಪಾರದವರೇ. ಕರ್ನಾಟಕದಲ್ಲಿ ಉನ್ನತ ಶಿಕ್ಷಣದ ದಾಖಲಾತಿ ಪ್ರಮಾಣ 2021-22ರ ಸಮೀಕ್ಷೆಯಲ್ಲಿ ಶೇಕಡ 36.2 ಇತ್ತು, ದೇಶದ್ದು ಶೇಕಡ 28.4. ನಾವು ಮುಂದಿದ್ದೇವೆ ನಿಜ. 2035ಕ್ಕೆ ಶೇಕಡ 50 ಮುಟ್ಟಬೇಕು ಅನ್ನುವುದು ದೇಶದ ಗುರಿ. ಬಾಕಿ ಇರುವ ಮಕ್ಕಳಲ್ಲಿ ಎಷ್ಟೋ ಜನ ಇಂಥ ಮನೆಗಳವರು. ಮೊದಲ ಕಂತನ್ನಾದರೂ ಅಡ್ಮಿಷನ್ ಹೊತ್ತಿಗೆ ಕೊಡಿ. ಪ್ರತಿ ಕಾಲೇಜಿನಲ್ಲೂ ಅರ್ಜಿ ತುಂಬಿಸೋಕೆ ಒಬ್ಬರನ್ನು ಕೂರಿಸಿ, ಸೈಬರ್ ಅಂಗಡಿಯವರ ಕೈಗೆ ಮಕ್ಕಳನ್ನು ಬಿಡಬೇಡಿ.

ಮುಂದಿನ ವರ್ಷ ಹಾಕುವವರು ಎಸ್‌ಎಸ್‌ಎಲ್‌ಸಿ ರಿಸಲ್ಟ್ ಬಂದ ವಾರದಲ್ಲೇ ಶುರು ಮಾಡಿ. ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದೆಯಾ ನೋಡಿ, ಅದು 5 ವರ್ಷ ಮಾತ್ರ ನಡೆಯುತ್ತದೆ. ಆಧಾರ್‌ಗೆ ಚಾಲ್ತಿಯಲ್ಲಿರುವ ಮೊಬೈಲ್ ನಂಬರ್ ಸೇರಿಸಿ, ಇಲ್ಲಾಂದ್ರೆ ಓಟಿಪಿ ಬರಲ್ಲ. ಬ್ಯಾಂಕಿನಲ್ಲಿ 'ಆಧಾರ್ ಲಿಂಕ್ ಆಗಿದೆಯಾ' ಅಂತ ಕೇಳಬೇಡಿ, 'ಎನ್‌ಪಿಸಿಐ ಮ್ಯಾಪಿಂಗ್ ಈ ಖಾತೆಗೇ ಆಗಿದೆಯಾ' ಅಂತ ಕೇಳಿ. ಹಾಸ್ಟೆಲ್ ಬೇಕಾದವರು ಅದಕ್ಕೆ ಎಸ್‌ಎಚ್‌ಪಿಯಲ್ಲಿ (ಸ್ಟೇಟ್ ಹಾಸ್ಟೆಲ್ ಪೋರ್ಟಲ್) ಬೇರೆ ಅರ್ಜಿ ಹಾಕಬೇಕು, ಎಸ್‌ಎಸ್‌ಪಿಯಲ್ಲಿ ಹಾಕಿದ್ದೇ ಸಾಕು ಅಂದುಕೊಂಡು ಸೀಟು ಕಳೆದುಕೊಳ್ಳಬೇಡಿ.